ಕ್ಯಾಮೆರಾದ ಚಮತ್ಕಾರ ಮತ್ತು ತಾಲ್ಲೂಕು ಚಿತ್ರಮಂದಿರದ ಲೆಕ್ಕಪತ್ರ

ಚಲನಚಿತ್ರವನ್ನು ಕಲೆಯೆಂದೂ ಮನರಂಜನೆಯೆಂದೂ ಬಣ್ಣಿಸುವುದು ವಾಡಿಕೆ. ವರ್ತಕರ ದೃಷ್ಟಿಯಿಂದ ನೋಡಿದರೆ ಅದು ಒಂದು ಸರಕೂ ಹೌದು. ಮೈಸೂರು–ಹಾಸನ ರಸ್ತೆಯ ಮೇಲಿನ ಭೇರ್ಯದಿಂದ ಒಂದು ಕುಟುಂಬ ಕೃಷ್ಣರಾಜನಗರಕ್ಕೋ ಮೈಸೂರಿಗೋ ಹೋಗಿ ಚಿತ್ರವೊಂದನ್ನು ನೋಡಿ ಬರಬೇಕಾದರೆ ಟಿಕೆಟ್ಟಿನ ಹಣದ ಜೊತೆಗೆ ಬಸ್ಸಿನ ಖರ್ಚು, ಹೋಟೆಲಿನ ಖರ್ಚು ಮತ್ತು ಅರ್ಧ ದಿನದ ದುಡಿಮೆಯನ್ನು ತೆರಬೇಕಾಗುತ್ತದೆ. ಇಷ್ಟನ್ನು ತೆತ್ತ ಗ್ರಾಹಕ ಪ್ರತಿಯಾಗಿ ಪಡೆಯುವುದು ಎರಡೂವರೆ ಗಂಟೆಗಳ ಕಾಲ ಬಿಳಿಯ ಪರದೆಯ ಮೇಲೆ ಮೂಡುವ ಬೆಳಕನ್ನು ಹಾಗೂ ಸುತ್ತಲಿಂದ ಕೇಳಿಬರುವ ಧ್ವನಿಯನ್ನು. ಆ ಬೆಳಕು ಮಂಕಾಗಿದ್ದರೆ, ಧ್ವನಿ ಒಡೆದಿದ್ದರೆ, ಆತ ಕೊಂಡ ಸರಕು ಕಳಪೆಯಾಯಿತೆಂದೇ ಅರ್ಥ.

ಕಳೆದ ಎರಡು ದಶಕಗಳಲ್ಲಿ ಕ್ಯಾಮೆರಾ ತಂತ್ರಜ್ಞಾನ ಹಾಗೂ ದೃಶ್ಯ ಪರಿಣಾಮಗಳ ಕ್ಷೇತ್ರ ಊಹೆಗೂ ಮೀರಿ ಬೆಳೆದಿದೆ. ನಿರ್ಮಾಪಕರು ಈ ಬಾಬಿಗೆ ಕೋಟಿಗಟ್ಟಲೆ ಹಣ ತೊಡಗಿಸುತ್ತಿದ್ದಾರೆ. ಆದರೆ ಆ ಹಣದ ಫಲವನ್ನು ಪ್ರೇಕ್ಷಕನ ಕಣ್ಣಿಗೆ ತಲುಪಿಸುವ ಕೊನೆಯ ಕೊಂಡಿಯಾದ ತಾಲ್ಲೂಕು ಕೇಂದ್ರದ ಚಿತ್ರಮಂದಿರಕ್ಕೆ ಅದೇ ಪ್ರಮಾಣದ ಬಂಡವಾಳ ಹರಿದಿಲ್ಲ. ಕೃಷ್ಣರಾಜನಗರ ಸೀಮೆಯ ಅಕ್ಕಿ ಗಿರಣಿ ಮಾಲೀಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಎಷ್ಟೇ ಉತ್ತಮ ಭತ್ತವನ್ನು ತಂದರೂ ಗಿರಣಿಯ ಯಂತ್ರ ಸರಿಯಿಲ್ಲದಿದ್ದರೆ ಕೈಗೆ ಬರುವುದು ನುಚ್ಚು. ಚಿತ್ರೋದ್ಯಮದ ಇಂದಿನ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ ಇದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪ್ರದೇಶದ ವರ್ತಕ ಸಮುದಾಯ ಈ ಕೊನೆಯ ಕೊಂಡಿಯ ಬಗ್ಗೆ ಏಕೆ ಚಿಂತಿಸಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯ ನಂಟು

ದೃಶ್ಯ ಪರಿಣಾಮ ಎಂದೊಡನೆ ಹಾಲಿವುಡ್, ಹೈದರಾಬಾದ್, ಮುಂಬೈಗಳ ಹೆಸರು ನೆನಪಿಗೆ ಬರುವುದು ಸಹಜ. ಆದರೆ ಈ ವಿದ್ಯೆಯ ಇತಿಹಾಸದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದ ಹೆಸರೂ ಸೇರಿದೆ. 1924ರಲ್ಲಿ ಅಲ್ಲಿ ಮಾವುತನ ಮಗನಾಗಿ ಜನಿಸಿದ ಸಾಬು ಎಂಬ ಬಾಲಕನನ್ನು ರಾಬರ್ಟ್ ಫ್ಲಾಹರ್ಟಿ ಅವರ ತಂಡ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಆಯ್ಕೆ ಮಾಡಿತು. ಮೈಸೂರು ಸಂಸ್ಥಾನದ ಕಾಡುಗಳಲ್ಲಿ ನಿಜವಾದ ಆನೆಗಳೊಡನೆ ಚಿತ್ರಿಸಿದ ದೃಶ್ಯಗಳಿಗೆ, ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೊರ್ಡಾ ಅವರು ಚಿತ್ರಿಸಿದ ದೃಶ್ಯಗಳನ್ನು ಜೋಡಿಸಿ ಆ ಚಿತ್ರವನ್ನು 1937ರಲ್ಲಿ ಬಿಡುಗಡೆ ಮಾಡಲಾಯಿತು. ಮೂರು ವರ್ಷಗಳ ತರುವಾಯ, 1940ರಲ್ಲಿ, ಅದೇ ಸಾಬು ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಕಾಣಿಸಿಕೊಂಡರು. ಬಾಟಲಿಯಿಂದ ಹೊರಬರುವ ದೈತ್ಯ, ಆಕಾಶದಲ್ಲಿ ಹಾರುವ ಕುದುರೆ ಮುಂತಾದ ದೃಶ್ಯಗಳಿಗಾಗಿ ಆ ಚಿತ್ರ ವಿಶೇಷ ಪರಿಣಾಮಗಳ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿ ಪಡೆಯಿತು. ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರಿಸಿ, ಆ ನೀಲಿಯನ್ನು ಬೇರ್ಪಡಿಸಿ, ಅದರ ಜಾಗದಲ್ಲಿ ಬೇರೊಂದು ಹಿನ್ನೆಲೆಯನ್ನು ಕೂಡಿಸುವ ವಿಧಾನವನ್ನು ವರ್ಣಚಿತ್ರದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದ ಆರಂಭದ ಚಿತ್ರಗಳಲ್ಲಿ ಅದೂ ಒಂದು. ಇಂದು ಹಸಿರು ಪರದೆಯ ಮುಂದೆ ನಡೆಯುತ್ತಿರುವ ಕೆಲಸಕ್ಕೆ ಮೂಲ ಅಲ್ಲಿದೆ.

1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾಗಿ ನಟಿಸಿದವರೂ ಸಾಬು ಅವರೇ. ಅದೇ ಕಥೆಯನ್ನು ಡಿಸ್ನಿ ಸಂಸ್ಥೆ 2016ರಲ್ಲಿ ಮತ್ತೆ ತೆರೆಗೆ ತಂದಾಗ ಲಾಸ್ ಏಂಜಲೀಸ್‌ನ ಸ್ಟುಡಿಯೋದೊಳಗೆ ಒಬ್ಬ ಬಾಲಕ ನಟಿಸಿದನು; ಕಾಡು, ಹುಲಿ, ಕರಡಿ, ಆನೆ ಎಲ್ಲವೂ ಗಣಕಯಂತ್ರದಲ್ಲಿ ಸಿದ್ಧವಾದವು. ಆ ಕೆಲಸದ ಒಂದು ಭಾಗ ಬೆಂಗಳೂರಿನಲ್ಲಿಯೂ ನಡೆಯಿತು. ಎಂಟು ದಶಕಗಳ ಹಿಂದೆ ಕಾಕನಕೋಟೆಯ ಸೀಮೆಯಿಂದ ಹುಡುಗನೂ ಆನೆಯೂ ಚಿತ್ರಕ್ಕೆ ಬೇಕಾಗಿದ್ದವು. ಈಗ ಕಾಡಿನ ಛಾಯಾಚಿತ್ರಗಳಿದ್ದರೆ ಸಾಕೆನ್ನುವ ಕಾಲ ಬಂದಿದೆ.

ಹುಣಸೂರಿನ ನಂಟು ಇನ್ನೂ ಹತ್ತಿರದ್ದು. ಆ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದ ಹುಣಸೂರು ಕೃಷ್ಣಮೂರ್ತಿ ಅವರು ವೃತ್ತಿ ರಂಗಭೂಮಿಯಿಂದ ಬಂದು ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಬ್ರುವಾಹನ’ (1977) ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ‘ಬಬ್ರುವಾಹನ’ದಲ್ಲಿ ಡಾ. ರಾಜಕುಮಾರ್ ಅವರು ಅರ್ಜುನನಾಗಿಯೂ ಬಬ್ರುವಾಹನನಾಗಿಯೂ ಒಂದೇ ಪರದೆಯ ಮೇಲೆ ಎದುರುಬದುರಾದರು. ಆ ಕಾಲದಲ್ಲಿ ದ್ವಿಪಾತ್ರದ ದೃಶ್ಯ ತೆಗೆಯುವುದು ಶಿಸ್ತು ಬೇಡುವ ಕೆಲಸವಾಗಿತ್ತು. ಮಸೂರದ ಅರ್ಧ ಭಾಗವನ್ನು ಮುಚ್ಚಿ ನಟನನ್ನು ಒಂದು ಪಾತ್ರದಲ್ಲಿ ಚಿತ್ರಿಸಬೇಕು. ಫಿಲ್ಮನ್ನು ಕತ್ತಲೆಯಲ್ಲಿ ಹಿಂದಕ್ಕೆ ಸುತ್ತಿ, ಇನ್ನರ್ಧ ಭಾಗವನ್ನು ತೆರೆದು, ಅದೇ ನಟನನ್ನು ಮತ್ತೊಂದು ವೇಷದಲ್ಲಿ ಚಿತ್ರಿಸಬೇಕು. ಕ್ಯಾಮೆರಾ ಒಂದು ಕೂದಲೆಳೆಯಷ್ಟು ಅಲುಗಿದರೂ ಎರಡು ಭಾಗಗಳ ನಡುವೆ ಗೆರೆ ಕಾಣಿಸುತ್ತಿತ್ತು. ಸರಿಯಾಯಿತೋ ಇಲ್ಲವೋ ಎಂಬುದು ಫಿಲ್ಮು ಸಂಸ್ಕರಣಾಲಯದಿಂದ ಬಂದ ಮೇಲಷ್ಟೇ ತಿಳಿಯುತ್ತಿತ್ತು. ಹಾಗಾಗಿ ಯೋಜನೆಯೆಲ್ಲ ಚಿತ್ರೀಕರಣಕ್ಕೆ ಮುನ್ನವೇ ಮುಗಿದಿರುತ್ತಿತ್ತು. ದುಬಾರಿ ಕಚ್ಚಾವಸ್ತುವನ್ನು ಕಡಿಮೆ ಪೋಲಿನಲ್ಲಿ ಬಳಸುವ ಸಣ್ಣ ಕೈಗಾರಿಕೆಯ ಮಾಲೀಕನಿಗೆ ಈ ಶಿಸ್ತು ಅಪರಿಚಿತವೇನಲ್ಲ.

ಖರ್ಚು ಹೆಚ್ಚಿದರೆ ಅನುಭವ ಹೆಚ್ಚುವುದೇ?

ಮೈಸೂರಿನವರೇ ಆದ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರ ಉದಾಹರಣೆ ಇಲ್ಲಿ ಉಲ್ಲೇಖಾರ್ಹ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಅವರು 1959ರಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ ಅನ್ನು ಚಿತ್ರಿಸಿದರು. ಕತ್ತಲು ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿದುಬರುವ ಬೆಳಕಿನ ಕೋಲು ಆ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪ್ರತಿಫಲಿಸಿ ಒಳಕ್ಕೆ ತಂದು ಅದನ್ನು ಸಾಧಿಸಲಾಗಿತ್ತು. ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತರೂ ಆ ಬೆಳಕು ಮಾತ್ರ ಅರವತ್ತು ವರ್ಷಗಳಿಗೂ ಮೀರಿ ಜನರ ನೆನಪಿನಲ್ಲಿ ಉಳಿದಿದೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಈ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ ಅವರು.

ಇತ್ತೀಚಿನ ಕನ್ನಡ ಚಿತ್ರಗಳೂ ಇದೇ ಪಾಠವನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. 2018ರ ಡಿಸೆಂಬರ್ 21ರಂದು ತೆರೆಕಂಡ ‘ಕೆ.ಜಿ.ಎಫ್: ಅಧ್ಯಾಯ 1’ ವಿಶೇಷ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿಯನ್ನು ಮತ್ತೊಂದು ಚಿತ್ರದೊಡನೆ ಹಂಚಿಕೊಂಡಿತು. ಭುವನ್ ಗೌಡ ಅವರ ಕ್ಯಾಮೆರಾ ಮತ್ತು ಗಣಕ ತಂತ್ರಜ್ಞರ ಕೆಲಸ ಒಂದರೊಳಗೊಂದು ಬೆರೆತು, ಗಣಿಯ ಧೂಳು, ಕತ್ತಲು, ಜನಸಂದಣಿ ಎಲ್ಲಿ ನಿಜ, ಎಲ್ಲಿ ಕೃತಕ ಎಂಬುದು ಪ್ರೇಕ್ಷಕನ ಅರಿವಿಗೆ ಬಾರದಂತಾಯಿತು. 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ ಅದರ ಹೋಲಿಕೆಯಲ್ಲಿ ಸಣ್ಣ ಬಂಡವಾಳದ ಚಿತ್ರ. ಕರಾವಳಿಯ ಮಳೆ, ಕಂಬಳದ ಕೆಸರು, ದೈವದ ಕೋಲದ ಇರುಳು ಇವುಗಳನ್ನು ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾ ಹಿಡಿದಿಟ್ಟ ರೀತಿ ಮತ್ತು ಅದಕ್ಕೆ ಒದಗಿಬಂದ ಧ್ವನಿ ಜನರನ್ನು ಚಿತ್ರಮಂದಿರಕ್ಕೆ ಮತ್ತೆ ಮತ್ತೆ ಕರೆತಂದವು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. 2009ರಲ್ಲಿ ನಿಧನರಾದ ಡಾ. ವಿಷ್ಣುವರ್ಧನ್ ಅವರ ರೂಪವನ್ನು ಗಣಕಯಂತ್ರದಲ್ಲಿ ಮರುಸೃಷ್ಟಿಸಿ 2016ರಲ್ಲಿ ‘ನಾಗರಹಾವು’ ಎಂಬ ಚಿತ್ರವನ್ನು ಬಿಡುಗಡೆ ಮಾಡಲಾಯಿತು. ತಾಂತ್ರಿಕ ಸಾಹಸವಾಗಿ ಅದು ಗಮನಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ‘ನಾಗರಹಾವು’ ಎಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ನಿರ್ದೇಶಿಸಿದ, ಚಿಟ್ಟಿಬಾಬು ಅವರು ಚಿತ್ರದುರ್ಗದ ಕೋಟೆಯನ್ನು ಸೆರೆಹಿಡಿದ ಚಿತ್ರವೇ. ಅದರಲ್ಲಿ ಒಂದು ಹಾಡನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದೇ ಅಂದಿನ ಪ್ರೇಕ್ಷಕರಿಗೆ ದೊಡ್ಡ ಬೆರಗಾಗಿತ್ತು. ನಿಧಾನಗತಿಗೆ ಬೇಕಾದದ್ದು ಕ್ಯಾಮೆರಾವನ್ನು ಸೆಕೆಂಡಿಗೆ 24 ಚೌಕಟ್ಟುಗಳ ಬದಲು ಹೆಚ್ಚು ವೇಗದಲ್ಲಿ ಓಡಿಸುವುದು ಮತ್ತು ಅದಕ್ಕೆ ತಕ್ಕಷ್ಟು ಹೆಚ್ಚುವರಿ ಫಿಲ್ಮು. ಕಥೆಯ ಭಾವಕ್ಕೆ ಹೊಂದಿದ್ದರಿಂದ ಅದು ಉಳಿಯಿತು.

ಹುಣಸೂರು ಕೃಷ್ಣಮೂರ್ತಿ ಅವರ ‘ಸತ್ಯ ಹರಿಶ್ಚಂದ್ರ’ಕ್ಕೆ ಗಣಕಯಂತ್ರದ ನೆರವಿನಿಂದ ಬಣ್ಣ ತುಂಬಿ 2008ರಲ್ಲಿ ಮರುಬಿಡುಗಡೆ ಮಾಡಿದಾಗ ಅದು ಯಶಸ್ವಿಯಾಯಿತು. ದಕ್ಷಿಣ ಭಾರತದಲ್ಲಿ ಹೀಗೆ ವರ್ಣಕ್ಕೆ ಪರಿವರ್ತನೆಗೊಂಡ ಮೊದಲ ಚಿತ್ರವದು. ನಲವತ್ತಮೂರು ವರ್ಷಗಳ ಹಿಂದಿನ ಆಸ್ತಿಯೊಂದು ಹೊಸ ತಂತ್ರಜ್ಞಾನದಿಂದ ಮತ್ತೆ ಆದಾಯ ತಂದಿತು. ಆದರೆ ಬಣ್ಣ ಕೇವಲ ನೆಪ. ಜನ ಬಂದದ್ದು ರಾಜಕುಮಾರ್ ಅವರ ಅಭಿನಯ ಮತ್ತು ಹರಿಶ್ಚಂದ್ರನ ಕಥೆಗಾಗಿ. ಮೂಲ ಸರಕಿನಲ್ಲಿ ಸತ್ವವಿದ್ದರೆ ತಂತ್ರಜ್ಞಾನ ಅದರ ಬೆಲೆಯನ್ನು ಹೆಚ್ಚಿಸಬಲ್ಲದು. ಸತ್ವವಿಲ್ಲದ ಸರಕಿಗೆ ಮಾಡಿದ ಅದೇ ಖರ್ಚು ಮುಳುಗಿದ ಬಂಡವಾಳವಾಗುತ್ತದೆ.

ರೀಲಿನಿಂದ ಉಪಗ್ರಹಕ್ಕೆ

ಪ್ರೇಕ್ಷಕನ ಅನುಭವದಲ್ಲಿ ಆದ ಅತಿ ದೊಡ್ಡ ಬದಲಾವಣೆ ಆತನ ಕಣ್ಣಿಗೆ ಕಾಣಿಸದ ಪ್ರೊಜೆಕ್ಟರ್ ಕೋಣೆಯಲ್ಲಿ ನಡೆಯಿತು. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತಿತ್ತು. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ ಫಿಲ್ಮು ಬೇಕು. ಒಂದೊಂದು ಪ್ರಿಂಟಿಗೆ ಐವತ್ತು ಸಾವಿರ ರೂಪಾಯಿಗೂ ಹೆಚ್ಚು ವೆಚ್ಚವಾಗುತ್ತಿದ್ದುದರಿಂದ ನಿರ್ಮಾಪಕರು ಬೆರಳೆಣಿಕೆಯಷ್ಟು ಪ್ರಿಂಟುಗಳನ್ನು ಮಾಡಿಸಿ ಮೊದಲು ಬೆಂಗಳೂರು, ಮೈಸೂರುಗಳಂಥ ಕೇಂದ್ರಗಳಿಗೆ ಕೊಡುತ್ತಿದ್ದರು. ಅಲ್ಲಿ ವಾರಗಟ್ಟಲೆ ಓಡಿದ ಪ್ರಿಂಟು ತಾಲ್ಲೂಕು ಕೇಂದ್ರಗಳಿಗೆ ಬರುವ ಹೊತ್ತಿಗೆ ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ, ಅಂಟಿಸಿದ್ದಾಗಿರುತ್ತಿತ್ತು. ಟೆಂಟ್ ಸಿನಿಮಾಗಳಿಗೆ ಸಿಗುತ್ತಿದ್ದುದು ಅದಕ್ಕಿಂತಲೂ ಸವೆದದ್ದು. ಪರದೆಯ ಮೇಲೆ ಮಳೆ ಸುರಿದಂತೆ ಕಾಣುವ ಗೆರೆಗಳನ್ನು ಹಳ್ಳಿಯ ಪ್ರೇಕ್ಷಕ ಸಿನಿಮಾದ ಭಾಗವೆಂದೇ ಒಪ್ಪಿಕೊಂಡಿದ್ದನು.

2005ರ ನಂತರ ಚಿತ್ರವನ್ನು ಉಪಗ್ರಹದ ಮೂಲಕ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಕಳುಹಿಸುವ ಡಿಜಿಟಲ್ ವ್ಯವಸ್ಥೆಗಳು ದೇಶದಲ್ಲಿ ಹರಡತೊಡಗಿದವು. ಚಿತ್ರೀಕರಣದಲ್ಲಿಯೂ ರೆಡ್ ಒನ್ (2007), ಆರಿ ಅಲೆಕ್ಸಾ (2010) ಮೊದಲಾದ ಡಿಜಿಟಲ್ ಕ್ಯಾಮೆರಾಗಳು ಬಂದು ಫಿಲ್ಮಿನ ಬಳಕೆ ವೇಗವಾಗಿ ಕುಸಿಯಿತು. 2012ರ ಜನವರಿಯಲ್ಲಿ ಕೊಡಕ್ ಸಂಸ್ಥೆ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. ಮೈಸೂರಿನಲ್ಲಿ ಬಿಡುಗಡೆಯಾದ ದಿನವೇ ಹುಣಸೂರಿನಲ್ಲಿಯೂ ಪಿರಿಯಾಪಟ್ಟಣದಲ್ಲಿಯೂ ಅದೇ ಚಿತ್ರವನ್ನು ಗೀರಿಲ್ಲದೆ ತೋರಿಸುವ ಅವಕಾಶ ಒದಗಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ತಂಬಾಕು ಹರಾಜು ಮಾರುಕಟ್ಟೆಗಳಿಂದ ರೈತರ ಕೈಗೆ ಹಣ ಬರುವ ತಿಂಗಳುಗಳಲ್ಲಿಯೇ ಹೊಸ ಚಿತ್ರ ಊರಿಗೆ ಬರುವಂತಾದುದು ವ್ಯಾಪಾರದ ದೃಷ್ಟಿಯಿಂದ ಸಣ್ಣ ಲಾಭವಲ್ಲ.

ಆದರೆ ಈ ಲಾಭಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಪ್ರೊಜೆಕ್ಟರ್ ಕೊಳ್ಳಲು ಶಕ್ತಿಯಿಲ್ಲದ ಮಾಲೀಕರಿಗೆ ಸೇವಾ ಸಂಸ್ಥೆಗಳು ಅದನ್ನು ಗುತ್ತಿಗೆಗೆ ನೀಡಿದವು. ಪ್ರಿಂಟಿನ ಖರ್ಚು ಉಳಿಯಿತೆಂಬ ಕಾರಣ ಕೊಟ್ಟು ನಿರ್ಮಾಪಕರು ಮತ್ತು ವಿತರಕರಿಂದ ‘ವರ್ಚುವಲ್ ಪ್ರಿಂಟ್ ಶುಲ್ಕ’ವನ್ನು ಪಡೆಯಲಾಯಿತು. ಸಲಕರಣೆಯ ಬೆಲೆ ವಸೂಲಾದ ಮೇಲೂ ಈ ಶುಲ್ಕವೇಕೆ ಎಂದು ಪ್ರಶ್ನಿಸಿ 2018ರ ಮಾರ್ಚ್‌ನಲ್ಲಿ ದಕ್ಷಿಣ ಭಾರತದ ಚಿತ್ರೋದ್ಯಮಗಳು, ಕನ್ನಡವೂ ಸೇರಿದಂತೆ, ಹೊಸ ಚಿತ್ರಗಳ ಬಿಡುಗಡೆಯನ್ನೇ ಕೆಲಕಾಲ ನಿಲ್ಲಿಸಿದವು. ಗುತ್ತಿಗೆಯ ಷರತ್ತುಗಳ ಮೂಲಕ ಚಿತ್ರಮಂದಿರಗಳು ಬೇರೆಯವರಿಂದ ಚಿತ್ರಗಳನ್ನು ಪಡೆಯದಂತೆ ಕಟ್ಟಿಹಾಕಿದ ಕಾರಣಕ್ಕೆ ಭಾರತ ಸ್ಪರ್ಧಾ ಆಯೋಗ 2025ರ ಏಪ್ರಿಲ್‌ನಲ್ಲಿ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಿಗೆ ದಂಡ ವಿಧಿಸಿತು. ಯಂತ್ರವನ್ನು ಗುತ್ತಿಗೆಗೆ ಪಡೆದು ಕಚ್ಚಾವಸ್ತುವನ್ನೂ ಅದೇ ಸಂಸ್ಥೆಯಿಂದಲೇ ಕೊಳ್ಳಬೇಕಾದ ಸಣ್ಣ ಉದ್ಯಮಿಯ ಸಂಕಷ್ಟ ಇತರ ಉದ್ಯಮಗಳಲ್ಲಿಯೂ ಇರುವಂಥದೇ. ಕರಾರಿಗೆ ಸಹಿ ಮಾಡುವ ಮುನ್ನ ಅದರ ಪ್ರತಿಯೊಂದು ಷರತ್ತನ್ನೂ ಓದಿಸಿಕೊಳ್ಳದ ಮಾಲೀಕ ಮುಂದಿನ ಹತ್ತು ವರ್ಷಗಳ ಸ್ವಾತಂತ್ರ್ಯವನ್ನು ಒತ್ತೆ ಇಟ್ಟಂತಾಗುತ್ತದೆ.

ಐವತ್ತು ಪೈಸೆಯ ಉಳಿತಾಯ

ಡಿಜಿಟಲ್ ಪ್ರದರ್ಶನಕ್ಕೆ ಅಂತರರಾಷ್ಟ್ರೀಯ ಮಾನದಂಡವಿದೆ. ಅಮೆರಿಕದ ಪ್ರಮುಖ ಸ್ಟುಡಿಯೋಗಳು 2002ರಲ್ಲಿ ಸ್ಥಾಪಿಸಿದ ಸಂಸ್ಥೆಯೊಂದು ರೂಪಿಸಿದ ಈ ಮಾನದಂಡದ ಪ್ರಕಾರ ಪರದೆಯ ಮಧ್ಯಭಾಗದಲ್ಲಿ ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ ಪ್ರಕಾಶ ಇರಬೇಕು. ಭಾರತದ ಸಣ್ಣ ಊರುಗಳಿಗೆ ಬಂದ ವ್ಯವಸ್ಥೆಗಳಲ್ಲಿ ಅನೇಕವು ಈ ಮಾನದಂಡಕ್ಕಿಂತ ಕೆಳಗಿನ, ಅಗ್ಗದ ವ್ಯವಸ್ಥೆಗಳು. ತ್ರಿಆಯಾಮದ ಚಿತ್ರವಾದರೆ ಕನ್ನಡಕದ ಮೂಲಕ ಕಣ್ಣಿಗೆ ತಲುಪುವ ಬೆಳಕು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ‘ಕೆ.ಜಿ.ಎಫ್’ನಂಥ ಕತ್ತಲು ತುಂಬಿದ ಚಿತ್ರವನ್ನು ಮಂದ ಬೆಳಕಿನಲ್ಲಿ ತೋರಿಸಿದರೆ ತಂತ್ರಜ್ಞರು ತಿಂಗಳುಗಟ್ಟಲೆ ದುಡಿದು ರಚಿಸಿದ ವಿವರಗಳೆಲ್ಲ ಕಪ್ಪು ಮುದ್ದೆಯಾಗಿ ಕಾಣುತ್ತವೆ.

ಬೆಳಕು ಮಂದವಾಗುವುದಕ್ಕೆ ಮುಖ್ಯ ಕಾರಣ ಹಳೆಯ ದೀಪ. ಲೆಕ್ಕದ ಅನುಕೂಲಕ್ಕಾಗಿ, ಸಾವಿರ ಗಂಟೆ ಆಯುಷ್ಯದ ಕ್ಸೆನಾನ್ ದೀಪವೊಂದರ ಬೆಲೆ 60,000 ರೂ. ಎಂದಿಟ್ಟುಕೊಳ್ಳಬಹುದು. ಗಂಟೆಗೆ 60 ರೂ. ಎಂದರೆ ಎರಡೂವರೆ ಗಂಟೆಯ ಒಂದು ಪ್ರದರ್ಶನಕ್ಕೆ 150 ರೂ. ನೂರು ಜನ ಪ್ರೇಕ್ಷಕರಿದ್ದರೆ ತಲಾ ಒಂದೂವರೆ ರೂಪಾಯಿ. ಅದೇ ದೀಪವನ್ನು ಮಾಲೀಕ 1,500 ಗಂಟೆ ಓಡಿಸಿದರೆ ಗಂಟೆಯ ವೆಚ್ಚ 40 ರೂ., ಪ್ರದರ್ಶನದ ವೆಚ್ಚ 100 ರೂ., ತಲಾ ಒಂದು ರೂಪಾಯಿ. ಅಂದರೆ ಪ್ರೇಕ್ಷಕನೊಬ್ಬನ ಮೇಲೆ ಆಗುವ ಉಳಿತಾಯ ಐವತ್ತು ಪೈಸೆ. ಈ ಉಳಿತಾಯಕ್ಕಾಗಿ ನೂರು ರೂಪಾಯಿಯ ಸರಕು ಕೆಡುತ್ತದೆ. ಆಯುಷ್ಯ ಮೀರಿದ ಕ್ಸೆನಾನ್ ದೀಪ ಸಿಡಿಯುವ ಅಪಾಯವೂ ಉಂಟು. ಗ್ರಾಹಕ ಕಾರಣವನ್ನು ಹೇಳಲಾರ. ಊರಿನ ಟಾಕೀಸಿನಲ್ಲಿ ಸಿನಿಮಾ ಚೆನ್ನಾಗಿ ಕಾಣುವುದಿಲ್ಲ ಎಂದಷ್ಟೇ ಹೇಳಿ ಮುಂದಿನ ಬಾರಿ ಮೈಸೂರಿನ ಮಾಲ್‌ಗೆ ಹೋಗುತ್ತಾನೆ, ಇಲ್ಲವೇ ಮನೆಯಲ್ಲಿ ಮೊಬೈಲಿನಲ್ಲಿ ನೋಡುತ್ತಾನೆ. ಆತ ಮೈಸೂರಿಗೆ ಹೋದಾಗ ಬಟ್ಟೆ, ಚಪ್ಪಲಿ, ದಿನಸಿಯನ್ನೂ ಅಲ್ಲಿಯೇ ಕೊಳ್ಳುತ್ತಾನೆಂಬುದನ್ನು ಊರಿನ ಇತರ ವರ್ತಕರು ಗಮನಿಸಬೇಕು. ಚಿತ್ರಮಂದಿರದ ಸುತ್ತಲಿನ ಹೋಟೆಲು, ಬೀಡಾ ಅಂಗಡಿ, ಆಟೋ, ಭಿತ್ತಿಪತ್ರ ಮುದ್ರಿಸುವ ಪ್ರೆಸ್ಸು ಇವುಗಳ ವಹಿವಾಟು ಬೇರೆ.

ಲೇಸರ್ ಬೆಳಕಿನ ಪ್ರೊಜೆಕ್ಟರ್‌ಗಳ ಬೆಳಕಿನ ಮೂಲ ಸುಮಾರು 20,000 ಗಂಟೆ ಬಾಳುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ಇದು 2,000 ದಿನ, ಅಂದರೆ ಐದೂವರೆ ವರ್ಷ. ಆರಂಭದ ಬೆಲೆ ಹೆಚ್ಚಾದರೂ ದೀಪ ಬದಲಾಯಿಸುವ ಖರ್ಚು, ವಿದ್ಯುತ್ತು ಮತ್ತು ತಂಪುಗೊಳಿಸುವ ವೆಚ್ಚದಲ್ಲಿ ಉಳಿತಾಯವಿದೆ. ಕೇವಲ ಕೊಳ್ಳುವ ಬೆಲೆಯನ್ನು ಹೋಲಿಸದೆ ಪೂರ್ಣ ಆಯುಷ್ಯದ ವೆಚ್ಚವನ್ನು ಹೋಲಿಸುವ ಪರಿಪಾಠ ಬೆಳೆಯಬೇಕು.

ತೆರಿಗೆಯ ಕಡೆಯಿಂದ

ಆದಾಯ ತೆರಿಗೆಯಲ್ಲಿ ಪ್ರೊಜೆಕ್ಟರ್‌ಗೆ ಸಾಮಾನ್ಯ ಯಂತ್ರೋಪಕರಣದಂತೆ ಶೇ. 15ರ ಸವಕಳಿ ದೊರೆಯುತ್ತದೆ. 20 ಲಕ್ಷ ರೂ. ಬೆಲೆಯ ಸಲಕರಣೆ ಎಂದಿಟ್ಟುಕೊಂಡರೆ ಐದು ವರ್ಷಗಳ ತರುವಾಯ ಪುಸ್ತಕದಲ್ಲಿ ಇನ್ನೂ 8.87 ಲಕ್ಷ ರೂ., ಎಂಟು ವರ್ಷಗಳ ತರುವಾಯ 5.45 ಲಕ್ಷ ರೂ. ಮೌಲ್ಯ ಉಳಿದಿರುತ್ತದೆ. ಆದರೆ ತಂತ್ರಜ್ಞಾನ ಬದಲಾಗುವ ವೇಗದಲ್ಲಿ ಅಷ್ಟು ಹಳೆಯ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇರುವುದಿಲ್ಲ. ಕಾನೂನಿನ ಆಯುಷ್ಯಕ್ಕೂ ಯಂತ್ರದ ನಿಜವಾದ ಆಯುಷ್ಯಕ್ಕೂ ಇರುವ ಈ ಅಂತರವನ್ನು ತುಂಬಲು ಪ್ರತಿ ಟಿಕೆಟ್ಟಿನಿಂದ ಒಂದೆರಡು ರೂಪಾಯಿಯನ್ನು ಬದಲಿ ನಿಧಿಗೆ ಎತ್ತಿಡುವ ಮಾಲೀಕ ಮಾತ್ರ ಮುಂದಿನ ಬದಲಾವಣೆಯನ್ನು ಸಾಲವಿಲ್ಲದೆ ಎದುರಿಸಬಲ್ಲ.

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಾಗ 100 ರೂ.ವರೆಗಿನ ಟಿಕೆಟ್ಟಿಗೆ ಶೇ. 18, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 28 ತೆರಿಗೆಯಿತ್ತು. 2019ರ ಜನವರಿ 1ರಿಂದ ಇವು ಶೇ. 12 ಮತ್ತು ಶೇ. 18ಕ್ಕೆ ಇಳಿದವು. 2025ರ ಸೆಪ್ಟೆಂಬರ್ 22ರಿಂದ 100 ರೂ.ವರೆಗಿನ ಟಿಕೆಟ್ಟಿನ ದರ ಶೇ. 5ಕ್ಕೆ ಇಳಿಯಿತು. 100 ರೂ. ಟಿಕೆಟ್ಟಿನ ಮೇಲೆ 7 ರೂ. ತೆರಿಗೆ ಕಡಿಮೆಯಾಯಿತು. ತಾಲ್ಲೂಕು ಚಿತ್ರಮಂದಿರಗಳಿಗೆ ಇದು ಸ್ವಾಗತಾರ್ಹ. ಆದರೆ ಸಲಕರಣೆ, ಬಾಡಿಗೆ, ದುರಸ್ತಿಗಳ ಮೇಲೆ ಶೇ. 18 ತೆರಿಗೆ ಕಟ್ಟಿ, ಟಿಕೆಟ್ಟಿನ ಮೇಲೆ ಶೇ. 5 ಸಂಗ್ರಹಿಸುವ ಮಾಲೀಕನ ಖಾತೆಯಲ್ಲಿ ಹೂಡುವಳಿ ತೆರಿಗೆಯ ಜಮೆ ಬಳಕೆಯಾಗದೆ ಉಳಿಯುವ ಸಂಭವವಿದೆ. ಹೊಸ ಪ್ರೊಜೆಕ್ಟರ್ ಕೊಳ್ಳುವ ಮುನ್ನ ಈ ಲೆಕ್ಕವನ್ನು ಹಾಕಿಸಿಕೊಳ್ಳುವುದು ಲೇಸು.

ಟಿಕೆಟ್ ದರಕ್ಕೆ 200 ರೂ. ಮಿತಿ ವಿಧಿಸಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಾಗ, ಉಚ್ಚ ನ್ಯಾಯಾಲಯ ಅದೇ ತಿಂಗಳು ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ವಿವಾದ ಮುಖ್ಯವಾಗಿ ನಗರದ ಮಲ್ಟಿಪ್ಲೆಕ್ಸ್‌ಗಳಿಗೆ ಸಂಬಂಧಿಸಿದ್ದು. ನೂರು ರೂಪಾಯಿಯ ಆಸುಪಾಸಿನಲ್ಲಿ ಟಿಕೆಟ್ ಮಾರುವ ಊರುಗಳ ಸಮಸ್ಯೆ ಖಾಲಿ ಕುರ್ಚಿಗಳದ್ದು. ಮೈಸೂರಿನಂಥ ನಗರದಲ್ಲಿಯೇ ಕೋವಿಡ್ ಕಾಲದ ಹೊಡೆತದ ನಂತರ ಶಾಂತಲ, ಲಕ್ಷ್ಮಿ, ಸರಸ್ವತಿ ಚಿತ್ರಮಂದಿರಗಳು ಬಾಗಿಲು ಮುಚ್ಚಿದವು. ಏಕಪರದೆಯ ಚಿತ್ರಮಂದಿರ ಮುಚ್ಚಿದರೆ ಆ ಜಾಗ ಕಲ್ಯಾಣ ಮಂಟಪವೋ ವಾಣಿಜ್ಯ ಸಂಕೀರ್ಣವೋ ಆಗುತ್ತದೆ. ಮತ್ತೆ ಚಿತ್ರಮಂದಿರವಾಗುವುದು ಅಪರೂಪ.

ಮರೆಯಬಾರದ ಅಗ್ನಿ

ಬೆಳಕಿನ ವಿಚಾರ ಬಂದಾಗ ಬೆಂಕಿಯ ವಿಚಾರವನ್ನು ಬಿಡಲಾಗದು. 1950ರ ದಶಕದಲ್ಲಿ ಎಂ. ಎನ್. ಬಸವರಾಜಯ್ಯ ಅವರು ಕಟ್ಟಿದ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಈ ಭಾಗದ ಹೆಮ್ಮೆಯಾಗಿತ್ತು. 1989ರ ಫೆಬ್ರವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಹೊತ್ತಿಕೊಂಡ ಬೆಂಕಿಗೆ 62 ಜನ ಬಲಿಯಾದರು. ಸಡಿಲವಾದ ವಿದ್ಯುತ್ ತಂತಿ, ಗಾಳಿಯಾಡದ ಕಟ್ಟಡ, ಪ್ರತಿಧ್ವನಿ ತಡೆಯಲು ಗೋಡೆಗೆ ಹಾಕಿದ್ದ ಗೋಣಿತಟ್ಟು, ಪ್ರಖರ ದೀಪಗಳ ಶಾಖ ಇವೆಲ್ಲ ಕೂಡಿ ಆ ಅನಾಹುತ ಸಂಭವಿಸಿತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಪ್ರಾಣ ಕಳೆದುಕೊಂಡರು. ತಂತ್ರಜ್ಞಾನ ಮುಂದುವರಿದಂತೆ ವಿದ್ಯುತ್ ಹೊರೆಯ ಸ್ವರೂಪವೂ ಬದಲಾಗುತ್ತದೆ. ಹವಾನಿಯಂತ್ರಣ, ಹೊಸ ಧ್ವನಿವರ್ಧಕ, ಗೋಡೆಯ ಧ್ವನಿಹೀರುಕ ಹೊದಿಕೆ ಇವುಗಳನ್ನು ಅಳವಡಿಸುವಾಗ ಹಳೆಯ ತಂತಿಗಳನ್ನೇ ಉಳಿಸಿಕೊಂಡರೆ ಅದು ಉಳಿತಾಯವೆನಿಸದು. ವರ್ಷಕ್ಕೊಮ್ಮೆ ವಿದ್ಯುತ್ ತಪಾಸಣೆ, ಸದಾ ತೆರೆಯಬಲ್ಲ ತುರ್ತು ಬಾಗಿಲು, ಪ್ರೇಕ್ಷಕರನ್ನೂ ಒಳಗೊಂಡ ಹೊಣೆಗಾರಿಕೆ ವಿಮೆ ಇವನ್ನು ಪರವಾನಗಿಯ ಔಪಚಾರಿಕತೆ ಎಂದು ಭಾವಿಸಬಾರದು.

ಮುಂದೇನು?

ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿ ಚಿತ್ರನಗರಿ ಸ್ಥಾಪಿಸುವ ಯೋಜನೆಗೆ 2025–26ರ ರಾಜ್ಯ ಆಯವ್ಯಯದಲ್ಲಿ 150 ಎಕರೆ ಭೂಮಿ ಮತ್ತು ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂ. ವೆಚ್ಚವನ್ನು ಪ್ರಸ್ತಾಪಿಸಲಾಯಿತು. ಅದು ಕಾರ್ಯಗತವಾದಾಗ ಸೆಟ್ಟು ಕಟ್ಟುವ ಬಡಗಿಗಳು, ವೆಲ್ಡಿಂಗ್ ಕಾರ್ಯಾಗಾರಗಳು, ಬಣ್ಣ, ಬಟ್ಟೆ, ಜನರೇಟರ್, ವಾಹನ, ಊಟೋಪಚಾರ ಒದಗಿಸುವವರು ಬೇಕಾಗುತ್ತಾರೆ. ಹುಣಸೂರಿನ ಮರಗೆಲಸದವರಿಗೂ ಕೃಷ್ಣರಾಜನಗರದ ಸಣ್ಣ ಕಾರ್ಯಾಗಾರಗಳಿಗೂ ಇಲ್ಲಿ ಅವಕಾಶವಿದೆ. ದರಪಟ್ಟಿ, ತೆರಿಗೆ ನೋಂದಣಿ, ಹಿಂದಿನ ಕೆಲಸದ ದಾಖಲೆ ಇವುಗಳನ್ನು ಈಗಿನಿಂದಲೇ ಸಿದ್ಧವಿಟ್ಟುಕೊಂಡವರಿಗೆ ಆದ್ಯತೆ ದೊರೆಯುವುದು ಸ್ವಾಭಾವಿಕ.

ಗಣಕ ಚಿತ್ರಣದ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲೇ ಮೊದಲು ರೂಪಿಸಿದ ರಾಜ್ಯ ಕರ್ನಾಟಕ. 2012ರ ಆ ನೀತಿಯ ಮೂರನೆಯ ಆವೃತ್ತಿ 2024ರಿಂದ 2029ರವರೆಗಿನದು. ಈ ಸೀಮೆಯ ಯುವಕ ಯುವತಿಯರು ಈ ಕ್ಷೇತ್ರವನ್ನು ಪ್ರವೇಶಿಸುವುದು ಸ್ವಾಗತಾರ್ಹ. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಘಟಕ ದಿಢೀರನೆ ಮುಚ್ಚಿ ಸಾವಿರಾರು ನುರಿತ ಕಲಾವಿದರು ಕೆಲಸ ಕಳೆದುಕೊಂಡರೆಂಬುದನ್ನು ಮರೆಯಲಾಗದು. ‘ಜಂಗಲ್ ಬುಕ್’ಗೆ ದುಡಿದ ಎಂ.ಪಿ.ಸಿ. ಸಂಸ್ಥೆ ಅದೇ ಸಮೂಹಕ್ಕೆ ಸೇರಿತ್ತು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಸಣ್ಣ ಕಾರ್ಖಾನೆಗೆ ಇರುವ ಅಪಾಯ ಗಣಕದ ಮುಂದೆ ಕುಳಿತವರಿಗೂ ಇದೆ. ಹೊರದೇಶದ ಗುತ್ತಿಗೆಯ ಜೊತೆಗೆ ಕನ್ನಡ ಚಿತ್ರಗಳು, ಜಾಹೀರಾತು, ಶಿಕ್ಷಣ, ವಾಸ್ತುವಿನ್ಯಾಸ ಇವುಗಳಿಂದಲೂ ಕೆಲಸ ಪಡೆಯುವ ಸಣ್ಣ ಘಟಕಗಳು ಹೆಚ್ಚು ಬಾಳಿಕೆ ಬರುತ್ತವೆ.

ಚಿತ್ರಮಂದಿರಗಳ ಮಟ್ಟಿಗೆ ವಾಣಿಜ್ಯ ಮಂಡಳಿ ಮಾಡಬಹುದಾದ ಕೆಲಸಗಳು ದುಬಾರಿಯಲ್ಲ. ನಾಲ್ಕು ತಾಲ್ಲೂಕುಗಳ ಮಾಲೀಕರು ಒಟ್ಟಾಗಿ ಒಂದು ಪ್ರಕಾಶ ಮಾಪಕವನ್ನು ಕೊಂಡು, ಒಬ್ಬ ತಂತ್ರಜ್ಞನನ್ನು ಗೊತ್ತುಮಾಡಿ, ವರ್ಷಕ್ಕೆರಡು ಬಾರಿ ಪ್ರತಿ ಪರದೆಯ ಬೆಳಕನ್ನೂ ಧ್ವನಿಯನ್ನೂ ಅಳೆಸಬಹುದು. ದೀಪ ಮತ್ತು ಬಿಡಿಭಾಗಗಳನ್ನು ಒಟ್ಟಾಗಿ ಖರೀದಿಸಿದರೆ ದರದಲ್ಲಿ ರಿಯಾಯಿತಿ ಕೇಳುವ ಶಕ್ತಿ ಬರುತ್ತದೆ. ಗುತ್ತಿಗೆಯ ಕರಾರುಗಳನ್ನು ನವೀಕರಿಸುವಾಗ ಒಬ್ಬೊಬ್ಬರೇ ಮಾತನಾಡದೆ ಸಾಮೂಹಿಕವಾಗಿ ಮಾತುಕತೆ ನಡೆಸಬಹುದು. ಏಳುನೂರು ಕುರ್ಚಿಗಳ ಹಳೆಯ ಸಭಾಂಗಣವನ್ನು ಎರಡು ಸಣ್ಣ ಪರದೆಗಳಾಗಿ ಮಾರ್ಪಡಿಸಲು ಬಯಸುವವರಿಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆಯಡಿ ಅನುಮತಿ ಸರಳವಾಗಿ ದೊರೆಯುವಂತೆ ಸರ್ಕಾರಕ್ಕೆ ಮನವಿ ಸಲ್ಲಿಸಬಹುದು. ಸೇವಾ ಉದ್ಯಮಗಳಿಗೆ ದೊರೆಯುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡು ಬ್ಯಾಂಕುಗಳ ಬಳಿ ಸಲಕರಣೆ ಸಾಲಕ್ಕೆ ಅರ್ಜಿ ಹಾಕುವ ಮಾರ್ಗವೂ ಇದೆ.

ಚಿತ್ರಮಂದಿರದ ಮಾಲೀಕರು ದಸರಾ ರಜೆ ಮತ್ತು ತಂಬಾಕು ಹರಾಜಿನ ತಿಂಗಳುಗಳು ಆರಂಭವಾಗುವ ಮುನ್ನ ಪ್ರೊಜೆಕ್ಟರ್ ಕೋಣೆಯ ದೀಪ ಎಷ್ಟು ಗಂಟೆ ಉರಿದಿದೆ, ಪರದೆಯನ್ನು ಕೊನೆಯದಾಗಿ ಶುಚಿಗೊಳಿಸಿದ್ದು ಯಾವಾಗ, ಹಿಂದಿನ ಸಾಲಿನ ಕುರ್ಚಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ. ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ. ಅಷ್ಟಾದರೆ ದೂರದ ಸ್ಟುಡಿಯೋಗಳಲ್ಲಿ ವ್ಯಯವಾದ ಕೋಟಿಗಳಲ್ಲಿ ಒಂದಂಶವಾದರೂ ಭೇರ್ಯದ ಪ್ರೇಕ್ಷಕನ ಕಣ್ಣಿಗೆ ತಲುಪೀತು. ಆತನ ನೂರು ರೂಪಾಯಿ ತಾಲ್ಲೂಕಿನೊಳಗೇ ಉಳಿದೀತು.